ಇನ್ನೂ ಪ್ರಯತ್ನಿಸುತ್ತಿದೆ

ಮಲೆನಾಡಿನ ಒಂದು ತಾಲ್ಲೂಕು ಊರು. ಊರಾಚೆ ಗುಡ್ಡದ ಮಗ್ಗುಲಲ್ಲಿ ಒಂದು ಪಾಲಿಟೆಕ್ನಿಕ್. 2019ರ ಆಗಸ್ಟ್ ತಿಂಗಳು. ಆ ವರ್ಷದ ಮಳೆಯನ್ನು ಆ ಕಡೆಯವರು ಅಷ್ಟು ಸುಲಭವಾಗಿ ಮರೆಯುವವರಲ್ಲ. ಮರ ಬಿದ್ದು ತಂತಿ ಹರಿಯುವುದು, ಲೈನ್‌ಮನ್ ಬಂದು ಕಟ್ಟುವುದು, ಮತ್ತೆ ಹರಿಯುವುದು, ಹೀಗೇ ದಿನ ಕಳೆಯುತ್ತಿತ್ತು. ಅಂಥ ಒಂದು ಬೆಳಿಗ್ಗೆ ಮೂರನೆಯ ಸೆಮಿಸ್ಟರಿನ ಹುಡುಗಿಯೊಬ್ಬಳು ಕಂಪ್ಯೂಟರ್ ಲ್ಯಾಬಿಗೆ ಬಂದು ಒದ್ದೆ ಕೊಡೆಯನ್ನು ಮೂಲೆಗಿಟ್ಟು, ತನ್ನ ಫೈಲನ್ನು ತೆರೆದಳು. ಒಳಗೆ ಒಂದಕ್ಷರವೂ ಇರಲಿಲ್ಲ.

ಫೈಲಿನ ಹೆಸರಿತ್ತು, ತಾರೀಖಿತ್ತು, ಯಾರದ್ದೆಂಬ ಗುರುತೂ ಇತ್ತು. ಗಾತ್ರ ಮಾತ್ರ ಸೊನ್ನೆ.

ಮೂರು ವಾರದ ಕೆಲಸ ಅದು. ಗ್ರಂಥಾಲಯದ ಪುಸ್ತಕಗಳ ಲೆಕ್ಕವಿಡುವ ಒಂದು ಪ್ರೋಗ್ರಾಂ, ‘ಸಿ’ ಭಾಷೆಯಲ್ಲಿ ಬರೆದದ್ದು, ಹತ್ತಿರಹತ್ತಿರ 600 ಸಾಲು. ಮುಂದಿನ ಸೋಮವಾರ ಅದನ್ನು ತೋರಿಸಿ ಅಂಕ ಪಡೆಯಬೇಕು. ವೈರಸ್ ಬರುತ್ತದೆಂದು ಆ ಲ್ಯಾಬಿಗೆ ಪೆನ್‌ಡ್ರೈವ್ ತರಲು ಬಿಡುತ್ತಿರಲಿಲ್ಲ. ಮನೆಯಲ್ಲಿ ಕಂಪ್ಯೂಟರಿಲ್ಲ. ಇದ್ದದ್ದು ಒಂದೇ ಪ್ರತಿ, ಅದು ಸರ್ವರಿನಲ್ಲಿ. ಹಿಂದಿನ ಸಂಜೆ ಬಸ್ಸಿಗೆ ಹೊರಡುವ ಮುನ್ನ ‘ಸೇವ್’ ಒತ್ತಿದ್ದು ಅವಳಿಗೆ ಚೆನ್ನಾಗಿ ನೆನಪಿದೆ.

‘ಸಾರ್, ನಾನು ಸೇವ್ ಮಾಡಿದ್ದೆ ಸಾರ್’ ಎಂದಳು. ಲ್ಯಾಬಿನ ಇನ್‌ಸ್ಟ್ರಕ್ಟರಿಗೆ ಈ ಮಾತು ಹೊಸದಲ್ಲ. ಸೇವ್ ಮಾಡದೆ ಎದ್ದುಹೋಗಿ, ಮಾಡಿದ್ದೆ ಎನ್ನುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ‘ನೋಡಮ್ಮಾ, ಮಾಡಿದ್ದರೆ ಇರುತ್ತಿತ್ತು’ ಎಂದುಬಿಟ್ಟರು. ಆ ಮಾತು ಎಷ್ಟು ತಪ್ಪೆಂದು ಅವರಿಗೆ ಗೊತ್ತಾದದ್ದು ಮಧ್ಯಾಹ್ನ, ಒಬ್ಬರೇ ಕೂತು ಸರ್ವರಿನ ಮತ್ತು ಅವಳ ಕಂಪ್ಯೂಟರಿನ ದಿನಚರಿಗಳನ್ನು ಓದಿದಾಗ.

ಇದನ್ನು ತಿಳಿಯಬೇಕಾದರೆ ಮೊದಲು ಆ ಲ್ಯಾಬಿನ ಏರ್ಪಾಡು ತಿಳಿಯಬೇಕು. ಅಲ್ಲಿ 20 ಕಂಪ್ಯೂಟರುಗಳು, ಆಫೀಸಿನ ಪಕ್ಕದ ಕೋಣೆಯಲ್ಲಿ ಒಂದು ಸರ್ವರ್. ಮಕ್ಕಳ ಫೈಲುಗಳೆಲ್ಲ ಇರುವುದು ಸರ್ವರಿನ ಡಿಸ್ಕಿನಲ್ಲಿ. ಯಾವ ಕಂಪ್ಯೂಟರಿನ ಮುಂದೆ ಕೂತರೂ ತನ್ನ ಹೆಸರು, ಗುಟ್ಟಿನ ಪದ ಕೊಟ್ಟರೆ ತನ್ನದೇ ಫೈಲುಗಳು ಕಾಣುತ್ತವೆ. ಇಡೀ ತರಗತಿಗೆ ಒಂದೇ ಬೀರು, ಒಬ್ಬೊಬ್ಬರಿಗೆ ಒಂದೊಂದು ಖಾನೆ ಎನ್ನಿ. ಬೀರು ಬೇರೆ ಕೋಣೆಯಲ್ಲಿದ್ದರೂ ಕೂತವರಿಗೆ ಅದು ತಮ್ಮ ಮೇಜಿನ ಖಾನೆಯಂತೆಯೇ ತೋರುತ್ತದೆ. ಈ ಸೌಕರ್ಯಕ್ಕೆ ನೆಟ್‌ವರ್ಕ್ ಫೈಲ್ ಸಿಸ್ಟಮ್, ಚಿಕ್ಕದಾಗಿ ಎನ್‌ಎಫ್‌ಎಸ್ ಎಂದು ಹೆಸರು.

ದೂರದ ಡಿಸ್ಕನ್ನು ಹೀಗೆ ತನ್ನದಾಗಿಸಿಕೊಳ್ಳುವ ಕ್ರಿಯೆಗೆ ‘ಮೌಂಟ್’ ಎನ್ನುತ್ತಾರೆ. ಹಿಂದೆ ದೊಡ್ಡ ಕಂಪ್ಯೂಟರುಗಳ ಕಾಲದಲ್ಲಿ ಆಪರೇಟರು ಟೇಪಿನ ಸುರುಳಿಯನ್ನೋ ಡಿಸ್ಕಿನ ಅಡಕವನ್ನೋ ಕೈಯಾರೆ ಎತ್ತಿ ಯಂತ್ರದ ಮೇಲೆ ಕೂರಿಸಬೇಕಿತ್ತು. ಆ ಮಾತು ಉಳಿದುಕೊಂಡಿತು, ಎತ್ತಿ ಕೂರಿಸುವ ಕೆಲಸ ಹೋಯಿತು. ಈಗ ಬೇಕಾದದ್ದು ಒಂದು ಪಟ್ಟಿಯಲ್ಲಿ ಒಂದು ಸಾಲು. ಲಿನಕ್ಸ್ ಕಂಪ್ಯೂಟರಿನಲ್ಲಿ ಆ ಪಟ್ಟಿಗೆ ಎಫ್‌ಎಸ್‌ಟ್ಯಾಬ್ ಎಂದು ಹೆಸರು. ಸಾಲಿನಲ್ಲಿ ಆರು ಅಂಕಣ. ಯಾವ ಸರ್ವರಿನ ಯಾವ ಜಾಗ, ಅದನ್ನು ಇಲ್ಲಿ ಎಲ್ಲಿ ತೋರಿಸಬೇಕು, ಯಾವ ಬಗೆಯದು ಎಂಬ ಮೂರು ಸಂಗತಿಗಳಾದ ಮೇಲೆ ನಾಲ್ಕನೆಯ ಅಂಕಣದಲ್ಲಿ ಕೆಲವು ಪುಟ್ಟ ಪದಗಳು, ನಡುವೆ ಅಲ್ಪವಿರಾಮ. ಇವೇ ಮೌಂಟ್ ಆಯ್ಕೆಗಳು. ಉಳಿದ ಎರಡು ಅಂಕಣಗಳಿಗೆ ಇಲ್ಲಿ ಸಾಮಾನ್ಯವಾಗಿ ಸೊನ್ನೆಯೇ ಗತಿ.

ನಾಲ್ಕನೆಯ ಅಂಕಣದ ಆ ಪದಗಳನ್ನು ಹೆಚ್ಚಿನವರು ಎಲ್ಲಿಂದಲೋ ನೋಡಿ ಬರೆದುಕೊಳ್ಳುತ್ತಾರೆ. ಕೆಲಸ ನಡೆದರೆ ಮತ್ತೆ ಆ ಕಡೆ ತಿರುಗಿ ನೋಡುವುದಿಲ್ಲ. ಆದರೆ ಸರ್ವರ್ ಮಾತಾಡದೆ ಹೋದಾಗ ಈ ಕಡೆಯ ಯಂತ್ರ ಏನು ಮಾಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ ಬರೆದಿಡುವ ಜಾಗ ಅದು.

ಎನ್‌ಎಫ್‌ಎಸ್ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸನ್ ಮೈಕ್ರೋಸಿಸ್ಟಮ್ಸ್ ಎಂಬ ಕಂಪನಿಯಲ್ಲಿ. ಸನ್ ಎಂದರೆ ಇಲ್ಲಿ ಸೂರ್ಯನಲ್ಲ, ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ನೆಟ್‌ವರ್ಕ್ ಎಂಬುದರ ಮೊದಲಕ್ಷರಗಳು. 1982ರಲ್ಲಿ ಅದನ್ನು ಕಟ್ಟಿದ ನಾಲ್ವರಲ್ಲಿ ಒಬ್ಬರು ದೆಹಲಿಯ ಐಐಟಿಯಲ್ಲಿ ಓದಿದ ವಿನೋದ್ ಖೋಸ್ಲಾ. 2010ರಲ್ಲಿ ಒರೇಕಲ್ ಕಂಪನಿ ಸನ್ ಅನ್ನು ಕೊಂಡುಕೊಂಡು, ಆ ಹೆಸರಿನ ಕಂಪನಿ ಮುಗಿದುಹೋಯಿತು. ಅದು ಕೊಟ್ಟ ಎನ್‌ಎಫ್‌ಎಸ್ ಮಾತ್ರ ಉಳಿದಿದೆ. ಆಗ ಡಿಸ್ಕುಗಳು ಬಲು ದುಬಾರಿ. ಪ್ರತಿ ಮೇಜಿನ ಮೇಲಿನ ಯಂತ್ರಕ್ಕೂ ಒಂದೊಂದು ಡಿಸ್ಕ್ ಕೊಡುವ ಬದಲು ಒಂದೇ ದೊಡ್ಡ ಡಿಸ್ಕನ್ನು ಎಲ್ಲರೂ ಹಂಚಿಕೊಂಡರೆ? 1985ರಲ್ಲಿ ಸನ್ ಇದನ್ನು ಮಾರುಕಟ್ಟೆಗೆ ತಂದಿತು. ಅಷ್ಟೇ ಅಲ್ಲ, ಇದರ ನಿಯಮಗಳನ್ನು ಮುಚ್ಚಿಡದೆ ಪ್ರಕಟಿಸಿತು. ಬೇರೆ ಕಂಪನಿಗಳ ಯಂತ್ರಗಳೂ ಅದೇ ಭಾಷೆ ಆಡತೊಡಗಿದವು.

ಅದನ್ನು ರೂಪಿಸಿದ ರೀತಿಯಲ್ಲೊಂದು ಸ್ವಾರಸ್ಯವಿದೆ. ಮೊದಲ ರೂಪದ ಸರ್ವರಿಗೆ ಬೇಕೆಂದೇ ನೆನಪಿನ ಶಕ್ತಿಯನ್ನು ಕೊಟ್ಟಿರಲಿಲ್ಲ! ಯಾರು ಯಾವ ಫೈಲು ತೆರೆದಿದ್ದಾರೆ, ಎಷ್ಟು ಓದಿ ಮುಗಿಸಿದ್ದಾರೆ ಎಂಬ ಲೆಕ್ಕ ಅದಕ್ಕೆ ಬೇಡ. ಕೇಳುವವರೇ ಪ್ರತಿ ಸಲವೂ ‘ಇಂಥ ಫೈಲಿನಲ್ಲಿ, ಇಷ್ಟನೆಯ ಅಕ್ಷರದಿಂದ, ಇಷ್ಟು ಕೊಡಿ’ ಎಂದು ಪೂರಾ ವಿವರ ಕೊಟ್ಟು ಕೇಳಬೇಕು. ಇದರ ಲಾಭ ನೋಡಿ. ಸರ್ವರ್ ಕೆಟ್ಟು ನಿಂತು ಹತ್ತು ನಿಮಿಷದ ಮೇಲೆ ಎದ್ದರೆ ಅದು ಏನನ್ನೂ ಜ್ಞಾಪಿಸಿಕೊಳ್ಳಬೇಕಾಗಿಲ್ಲ. ಕೇಳುವವನು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರಾಯಿತು, ಏನೂ ಆಗಿಲ್ಲವೆಂಬಂತೆ ಉತ್ತರ ಬರುತ್ತದೆ. 100ನೆಯ ಅಕ್ಷರದಿಂದ ‘ರಾಮ’ ಎಂದು ಬರೆ ಎನ್ನುವುದನ್ನು ಒಂದು ಸಲ ಹೇಳಿದರೂ ಮೂರು ಸಲ ಹೇಳಿದರೂ ಕೊನೆಗೆ ಅಲ್ಲಿರುವುದು ಒಂದೇ ರಾಮ. ಮುಂದೆ 2000ದ ಹೊತ್ತಿಗೆ ಬಂದ ನಾಲ್ಕನೆಯ ಆವೃತ್ತಿಯಲ್ಲಿ ಸರ್ವರಿಗೆ ಸ್ವಲ್ಪ ನೆನಪನ್ನು ಕೊಟ್ಟರು. ಅದು ಮತ್ತೆ ಎದ್ದಾಗ, ಲಿನಕ್ಸಿನಲ್ಲಾದರೆ ಸಾಮಾನ್ಯವಾಗಿ 90 ಸೆಕೆಂಡ್, ಹಳಬರು ಬಂದು ‘ಈ ಬೀಗ ನನ್ನದು’ ಎಂದು ಹೇಳಿಕೊಳ್ಳಲು ಅವಕಾಶವಿರುತ್ತದೆ. ಆದರೂ ಮೂಲ ಗುಣ ಹೋಗಲಿಲ್ಲ. ಉತ್ತರ ಬರದಿದ್ದರೆ ಮತ್ತೆ ಕೇಳು, ಎಂಬುದೇ ಆ ಗುಣ.

ಎಷ್ಟು ಸಲ ಕೇಳಬೇಕು? ಆಯ್ಕೆಗಳು ಬರುವುದು ಇಲ್ಲಿ. ‘ಹಾರ್ಡ್’ ಎಂದು ಬರೆದರೆ ಉತ್ತರ ಬರುವವರೆಗೂ ಕೇಳುತ್ತಲೇ ಇರುತ್ತದೆ. ಒಂದು ಗಂಟೆಯಾಗಲಿ, ಒಂದು ದಿನವಾಗಲಿ. ಅಲ್ಲಿಯವರೆಗೆ ಆ ಫೈಲನ್ನು ಮುಟ್ಟಿದ ಪ್ರೋಗ್ರಾಂ ಕಲ್ಲಿನಂತೆ ನಿಂತಿರುತ್ತದೆ. ‘ಸಾಫ್ಟ್’ ಎಂದು ಬರೆದರೆ ಇಷ್ಟು ಹೊತ್ತು ನೋಡಿ, ಇಷ್ಟು ಸಲ ಕೇಳಿ, ಆಗಲಿಲ್ಲವೆಂದು ಕೈಚೆಲ್ಲಿ ಪ್ರೋಗ್ರಾಮಿಗೆ ‘ದೋಷ’ ಎಂದು ಹೇಳಿಬಿಡುತ್ತದೆ. ಏನೂ ಬರೆಯದೆ ಬಿಟ್ಟರೆ ಲಿನಕ್ಸ್ ಹಾರ್ಡ್ ಎಂದೇ ತಿಳಿಯುತ್ತದೆ. ಯಂತ್ರದ ದಿನಚರಿಯಲ್ಲೂ ಎರಡಕ್ಕೂ ಬೇರೆ ಬೇರೆ ವಾಕ್ಯ. ಹಾರ್ಡ್ ಆದರೆ ‘ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದೆ’. ಸಾಫ್ಟ್ ಆದರೆ ‘ಸರ್ವರ್ ಉತ್ತರಿಸುತ್ತಿಲ್ಲ, ಸಮಯ ಮೀರಿತು’.

ಹೆಸರು ಕೇಳಿದರೆ ಸಾಫ್ಟೇ ಒಳ್ಳೆಯದೆನಿಸುತ್ತದೆ, ಅಲ್ಲವೇ? ಇನ್‌ಸ್ಟ್ರಕ್ಟರಿಗೂ ಹಾಗೇ ಅನ್ನಿಸಿತು.

ಅವರ ಕಷ್ಟವೂ ಸಣ್ಣದಾಗಿರಲಿಲ್ಲ. ಲ್ಯಾಬಿನ 20 ಕಂಪ್ಯೂಟರಿಗೂ ಯುಪಿಎಸ್ ಇತ್ತು. ಸರ್ವರಿಗೂ ಬೇರೆಯದೊಂದಿತ್ತು. ಆದರೆ ಎರಡರ ನಡುವೆ ತಂತಿಗಳನ್ನೆಲ್ಲ ಕೂಡಿಸುವ ಪುಟ್ಟ ಪೆಟ್ಟಿಗೆ, ಅದಕ್ಕೆ ಸ್ವಿಚ್ ಎನ್ನುತ್ತಾರೆ, ವರಾಂಡದ ಗೋಡೆಯ ಮೇಲಿತ್ತು. ಅದಕ್ಕೆ ನೇರ ಕರೆಂಟು. ಕರೆಂಟು ಹೋದ ಕೂಡಲೇ ಈ ಕಡೆ ಯಂತ್ರಗಳೂ ಜೀವಂತ, ಆ ಕಡೆ ಸರ್ವರೂ ಜೀವಂತ, ನಡುವಿನ ದಾರಿ ಮಾತ್ರ ಸತ್ತಿರುತ್ತಿತ್ತು. 20 ಪರದೆಗಳೂ ಒಟ್ಟಿಗೆ ನಿಂತುಬಿಡುತ್ತಿದ್ದವು. ಮಕ್ಕಳು ‘ಹ್ಯಾಂಗ್ ಆಯ್ತು ಸಾರ್’ ಎಂದು ಕೂಗುತ್ತಿದ್ದರು. ಒಮ್ಮೆ ತಪಾಸಣೆಗೆ ಬಂದವರ ಎದುರಿಗೇ ಹೀಗಾಯಿತು. ‘ಇಷ್ಟು ಖರ್ಚು ಮಾಡಿ ಕೊಂಡದ್ದು ಇದಕ್ಕೇನ್ರೀ?’ ಎಂದು ಪ್ರಾಂಶುಪಾಲರು ಅವರೆಲ್ಲ ಹೋದ ಮೇಲೆ ಕೇಳಿದರು.

ಆ ರಾತ್ರಿ ಇನ್‌ಸ್ಟ್ರಕ್ಟರು ಹುಡುಕಿದರು. ಮೊದಲು ಸಿಕ್ಕದ್ದು ‘ಇಂಟರ್’ ಎಂಬ ಆಯ್ಕೆ. ಕಾಯುತ್ತಿರುವ ಪ್ರೋಗ್ರಾಮನ್ನು ಬೇಕೆಂದಾಗ ನಿಲ್ಲಿಸಲು ಬಿಡುವಂಥದು. ಹಳೆಯ ಪುಸ್ತಕಗಳೆಲ್ಲ ಹಾರ್ಡ್ ಜೊತೆಗೆ ಇದನ್ನೂ ಬರೆಯಿರಿ ಎನ್ನುತ್ತವೆ. ಅವರ ಸಾಲಿನಲ್ಲಿ ಅದು ಮೊದಲೇ ಇತ್ತು! ಆದರೆ ಲಿನಕ್ಸಿನ 2.6.25ನೆಯ ಆವೃತ್ತಿ ಬಂದ 2008ರಿಂದ ಈಚೆಗೆ ಆ ಪದಕ್ಕೆ ಅರ್ಥವೇ ಇಲ್ಲ. ಬರೆದರೆ ಯಂತ್ರ ಬೇಡವೆನ್ನುವುದಿಲ್ಲ, ಲೆಕ್ಕಕ್ಕೂ ತೆಗೆದುಕೊಳ್ಳುವುದಿಲ್ಲ. ಕಾಯುತ್ತಿರುವ ಪ್ರೋಗ್ರಾಮನ್ನು ಕೊಲ್ಲುವ ಆಜ್ಞೆಗೆ ಮಾತ್ರ ಅದು ಓಗೊಡುತ್ತದೆ. ಮಾತು ಸತ್ತು ಹತ್ತು ವರ್ಷವಾದರೂ ಪುಸ್ತಕದಿಂದ ಪುಸ್ತಕಕ್ಕೆ ಅದು ಹೋಗುತ್ತಲೇ ಇದೆ. ಇದರಿಂದ ಫಲವಿಲ್ಲವೆಂದಾದ ಮೇಲೆ ಅವರು ಹಾರ್ಡ್ ಅಳಿಸಿ ಸಾಫ್ಟ್ ಎಂದು ಬರೆದರು. ಎಷ್ಟು ಹೊತ್ತು ಕಾಯಬೇಕೆಂಬ ‘ಟೈಮಿಯೋ’ ಎಂಬುದಕ್ಕೆ 30 ಎಂದೂ, ಎಷ್ಟು ಸಲ ಮತ್ತೆ ಕೇಳಬೇಕೆಂಬ ‘ರೀಟ್ರಾನ್ಸ್’ ಎಂಬುದಕ್ಕೆ 2 ಎಂದೂ ತುಂಬಿದರು. 30 ಸೆಕೆಂಡ್ ಧಾರಾಳವಾಯಿತು ಎಂದುಕೊಂಡರು.

ಭೌತಶಾಸ್ತ್ರದ ಲೆಕ್ಕದಲ್ಲಿ ಉತ್ತರ ಬರೆದು ಏಕಮಾನ ಬರೆಯದ ಹುಡುಗನಿಗೆ ಅರ್ಧ ಅಂಕ ಕತ್ತರಿಸುತ್ತಾರೆ. ಅಪ್ಪ ಅಮ್ಮಂದಿರಿಗೆ ಅದು ಅನ್ಯಾಯವೆಂದೇ ಕಾಣುತ್ತದೆ, ಉತ್ತರ ಸರಿಯಿದೆಯಲ್ಲ ಎಂದು. ಟೈಮಿಯೋದ ಏಕಮಾನ ಸೆಕೆಂಡ್ ಅಲ್ಲ, ಸೆಕೆಂಡಿನ ಹತ್ತನೆಯ ಒಂದು ಭಾಗ. 30 ಎಂದರೆ ಮೂರೇ ಸೆಕೆಂಡ್. ಏನೂ ಬರೆಯದಿದ್ದರೆ ಲಿನಕ್ಸ್ ತಾನಾಗಿ ಹಿಡಿಯುವ ಸಂಖ್ಯೆ 600, ಅಂದರೆ 60 ಸೆಕೆಂಡ್. ಪ್ರತಿ ಸಲವೂ ಕಾಯುವ ಹೊತ್ತನ್ನು ಅಷ್ಟಷ್ಟೇ ಹೆಚ್ಚಿಸಿಕೊಂಡು ಹೋಗುವುದು ಅದರ ಕ್ರಮ. ಮೊದಲು 3, ಆಮೇಲೆ 6, ಹೀಗೆ. ಏನೇ ಕೂಡಿದರೂ ಅರ್ಧ ನಿಮಿಷ ದಾಟುವುದಿಲ್ಲ. ಕರೆಂಟು ಹೋದಾಗ ಜವಾನ ಹಿತ್ತಲಿಗೆ ಹೋಗಿ ಜನರೇಟರ್ ಹಚ್ಚಲು ಒಂದು ನಿಮಿಷ ಬೇಕು, ಮಳೆ ಜೋರಾಗಿದ್ದರೆ ಇನ್ನೂ ಸ್ವಲ್ಪ ಹೆಚ್ಚು.

ಎರಡು ವಾರ ಎಲ್ಲರೂ ಸಂತೋಷವಾಗಿದ್ದರು. ಪರದೆಗಳು ನಿಲ್ಲಲಿಲ್ಲ. ಕರೆಂಟು ಹೋದಾಗ ಪರದೆಯ ಮೇಲೆ ಒಂದು ಸಣ್ಣ ಚೌಕ ಬರುತ್ತಿತ್ತು, ಅದರಲ್ಲಿ ‘ಇನ್‌ಪುಟ್ ಔಟ್‌ಪುಟ್ ಎರರ್’ ಎಂದೇನೋ ಇಂಗ್ಲಿಷಿನಲ್ಲಿ. ‘ಓಕೆ ಒತ್ತಿ, ಹೋಗುತ್ತೆ’ ಎಂದು ಇನ್‌ಸ್ಟ್ರಕ್ಟರೇ ಹೇಳಿಕೊಟ್ಟಿದ್ದರು.

ಆ ಸಂಜೆ ನಡೆದದ್ದು ಇದು. ಐದು ಗಂಟೆಯ ಬಸ್ಸಿಗೆ ಹತ್ತು ನಿಮಿಷವಿರುವಾಗ ಹುಡುಗಿ ಸೇವ್ ಒತ್ತಿದಳು. ಅವಳ ಎಡಿಟರ್, ಅನೇಕ ಎಡಿಟರುಗಳು ಮಾಡುವಂತೆ, ಮೊದಲು ಹಳೆಯ ಫೈಲನ್ನು ಖಾಲಿ ಮಾಡು ಎಂದು ಸರ್ವರಿಗೆ ಹೇಳಿತು. ಸ್ಲೇಟು ಒರೆಸಿ ಹೊಸದಾಗಿ ಬರೆದಂತೆ. ಸರ್ವರ್ ಒರೆಸಿತು. ಅಷ್ಟು ಹೊತ್ತಿಗೆ ಎಲ್ಲಿಯೋ ಮರ ಬಿತ್ತು, ಕರೆಂಟು ಹೋಯಿತು, ವರಾಂಡದ ಸ್ವಿಚ್ ಸತ್ತಿತು. ಬರೆಯಬೇಕಾದ 600 ಸಾಲುಗಳು ಈ ಕಡೆಯ ಯಂತ್ರದ ನೆನಪಿನಲ್ಲಿ ಹೊರಡಲು ಕಾದು ನಿಂತಿದ್ದವು. ಯಂತ್ರ ಕೇಳಿತು, ಮತ್ತೆ ಕೇಳಿತು, ಸಮಯ ಮೀರಿತೆಂದು ಬಿಟ್ಟುಕೊಟ್ಟಿತು. ಚೌಕ ಬಂತು. ಅವಳು ಓಕೆ ಒತ್ತಿ, ಕಂಪ್ಯೂಟರ್ ಆರಿಸಿ, ಬಸ್ಸಿಗೆ ಓಡಿದಳು. ಜನರೇಟರ್ ಹತ್ತಿಕೊಂಡು ಸ್ವಿಚ್ಚಿನ ಹಸಿರು ದೀಪಗಳು ಮತ್ತೆ ಮಿನುಗತೊಡಗಿದಾಗ ಕಳಿಸಬೇಕಾದ್ದನ್ನು ಹಿಡಿದುಕೊಂಡಿದ್ದ ಯಂತ್ರವೇ ಆರಿಹೋಗಿತ್ತು. ಸರ್ವರಿನಲ್ಲಿ ಉಳಿದದ್ದು ಒರೆಸಿದ ಸ್ಲೇಟು.

ಅವಳ ಪಾಲಿಗೆ ಚೌಕವಾದರೂ ಬಂತು. ಕೆಲವು ಪ್ರೋಗ್ರಾಮುಗಳು ಬಂದ ದೋಷವನ್ನು ನೋಡುವುದೂ ಇಲ್ಲ, ತೋರಿಸುವುದೂ ಇಲ್ಲ. ಸಾಫ್ಟ್ ಆಯ್ಕೆಯಿಂದ ಕೆಲವು ಸಂದರ್ಭಗಳಲ್ಲಿ ಸದ್ದಿಲ್ಲದೆ ಮಾಹಿತಿ ಹಾಳಾಗಬಹುದೆಂದು ಲಿನಕ್ಸಿನ ಕೈಪಿಡಿಯಲ್ಲೇ ಬರೆದಿದ್ದಾರೆ. ಆದರೆ ಕೈಪಿಡಿ ಓದುವವರು ಯಾರು!

ಮರುದಿನ ಹುಡುಗಿಯ ತಂದೆ ಬಂದರು. ಅವರು ಅದೇ ಊರಿನ ಪೋಸ್ಟ್‌ಮ್ಯಾನ್. ಬಟವಾಡೆ ಮುಗಿಸಿ, ಸೈಕಲ್ಲನ್ನು ಕಾಲೇಜಿನ ಗೇಟಿಗೆ ಒರಗಿಸಿ, ಪ್ಲಾಸ್ಟಿಕ್ ಹೊದಿಕೆಯಿಂದ ನೀರು ಸುರಿಸಿಕೊಂಡು ಬಂದವರನ್ನು ಇನ್‌ಸ್ಟ್ರಕ್ಟರು ಎದ್ದುನಿಂತು ಕೂರಿಸಿದರು. ಅವರು ಜಗಳಕ್ಕೆ ಬಂದಿರಲಿಲ್ಲ.

‘ಮೇಷ್ಟ್ರೇ, ಮಗಳು ಸುಳ್ಳು ಹೇಳೋಳಲ್ಲ. ಸೇವ್ ಮಾಡಿದೀನಿ ಅಂತಾಳೆ. ನೀವು ಮಾಡಿಲ್ಲ ಅಂದ್ರಂತೆ. ರಾತ್ರಿ ಊಟ ಬಿಟ್ಟಿದಾಳೆ. ಏನಾಯ್ತು ಅಂತ ನನಗೂ ತಿಳೀಬೇಕು.’

ಇನ್‌ಸ್ಟ್ರಕ್ಟರು ಸುಮ್ಮನೆ ಏನಾದರೂ ಹೇಳಿ ಕಳಿಸಬಹುದಿತ್ತು. ಕರೆಂಟು, ಮಳೆ, ಹಳೆಯ ಯಂತ್ರ, ದೂರಲು ಬೇಕಾದಷ್ಟಿದ್ದವು. ಅವರು ಹಾಗೆ ಮಾಡಲಿಲ್ಲ. ‘ಅವಳು ಹೇಳಿದ್ದು ನಿಜ ಸಾರ್, ತಪ್ಪು ನನ್ನದು’ ಎಂದು ಶುರುಮಾಡಿ, ತಾವು ಬದಲಾಯಿಸಿದ ಸಾಲನ್ನು ಪರದೆಯ ಮೇಲೆ ತೋರಿಸಿ ವಿವರಿಸಿದರು. ಹುಡುಗಿ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು.

ಪೋಸ್ಟ್‌ಮ್ಯಾನರಿಗೆ ಇಂಗ್ಲಿಷಿನ ಪದಗಳು ಹತ್ತಲಿಲ್ಲ, ಆದರೆ ವಿಷಯ ಹತ್ತಿತು. ‘ಅಂದ್ರೆ, ಮನೆ ಬಾಗಿಲು ಹಾಕಿತ್ತು. ಎರಡು ಸಲ ಬಡಿದು ಕಾಗದ ಅಲ್ಲೇ ಬಿಸಾಕಿ ಬಂದ ಹಾಗೆ’ ಎಂದರು. ಆಗಿನ್ನೂ ರಿಜಿಸ್ಟರ್ಡ್ ಪೋಸ್ಟ್ ಇತ್ತು. 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದರು. ರಿಜಿಸ್ಟರ್ ಕಾಗದ ಕೊಡಲು ಹೋದಾಗ ಬಾಗಿಲು ಹಾಕಿದ್ದರೆ ಪೋಸ್ಟ್‌ಮ್ಯಾನ್ ಅದನ್ನು ಬಿಸಾಡುವಂತಿಲ್ಲ. ವಾಪಸು ತಂದು, ಚೀಟಿ ಬರೆದಿಟ್ಟು, ಮತ್ತೆ ಹೋಗಬೇಕು. ಸಹಿ ಬೀಳುವವರೆಗೆ ಅದು ಅವನ ಹೊಣೆ.

ಆಮೇಲೆ ಅವರೊಂದು ಪ್ರಶ್ನೆ ಕೇಳಿದರು. ‘ಅದ್ಸರಿ ಮೇಷ್ಟ್ರೇ. ಪೆಟ್ಟಿಗೆಗೆ ಹಾಕಿದ ಕೂಡ್ಲೇ ಮುಟ್ಟಿತು ಅಂತ ನಂಬೋದು ದಡ್ಡತನ. ನಿಮ್ಮ ಯಂತ್ರದಲ್ಲಿ ಮುಟ್ಟಿತು ಅಂತ ಸಹಿ ಹಾಕೋರು ಯಾರು?’

ಪ್ರಶ್ನೆ ಚೆನ್ನಾಗಿತ್ತು, ಉತ್ತರವೂ ಇದೆ. ಪ್ರೋಗ್ರಾಂ ‘ಬರೆ’ ಎಂದಾಗ ಈ ಕಡೆಯ ಯಂತ್ರ ತಕ್ಷಣ ‘ಆಯಿತು’ ಎನ್ನುತ್ತದೆ. ಅದು ಪೆಟ್ಟಿಗೆಗೆ ಹಾಕಿದ್ದು ಮಾತ್ರ. ನಿಜವಾದ ಸುದ್ದಿ ತಿಳಿಯುವುದು ಫೈಲನ್ನು ಮುಚ್ಚುವಾಗ. ಆಗ ಎಲ್ಲವನ್ನೂ ಸರ್ವರಿಗೆ ತಲುಪಿಸಿ ಬಾ ಎಂಬ ಒತ್ತಾಯ. ಮೊದಮೊದಲು, 1989ರಲ್ಲಿ ಪ್ರಕಟವಾದ ಎರಡನೆಯ ಆವೃತ್ತಿಯ ನಿಯಮದಂತೆ, ಸರ್ವರ್ ಡಿಸ್ಕಿಗೆ ಬರೆದಾದ ಮೇಲಷ್ಟೇ ಸಹಿ ಹಾಕಬೇಕಿತ್ತು. ಒಂದೊಂದು ತುಣುಕಿಗೂ ಹೀಗೆ ಕಾದರೆ ಕೆಲಸ ನಿಧಾನ. 1995ರ ಮೂರನೆಯ ಆವೃತ್ತಿಯಲ್ಲಿ ಒಂದು ಜಾಣ್ಮೆ ಮಾಡಿದರು. ಸರ್ವರ್ ತುಣುಕುಗಳನ್ನು ಸುಮ್ಮನೆ ತೆಗೆದಿಟ್ಟುಕೊಳ್ಳಬಹುದು, ಆದರೆ ಕೊನೆಗೊಮ್ಮೆ ‘ಎಲ್ಲವನ್ನೂ ಡಿಸ್ಕಿಗೆ ಇಳಿಸಿದೆ’ ಎಂದು ಹೇಳುವವರೆಗೆ ಕಳಿಸಿದವನು ತನ್ನ ಪ್ರತಿಯನ್ನು ಬಿಸಾಡಬಾರದು. ನಡುವೆ ಸರ್ವರ್ ಸತ್ತು ಎದ್ದಿದ್ದರೆ ಅದರ ಗುರುತಿನ ಸಂಖ್ಯೆ ಬದಲಾಗಿರುತ್ತದೆ, ಕಳಿಸಿದವನಿಗೆ ಗೊತ್ತಾಗಿ ಪೂರ್ತಿ ಮತ್ತೆ ಕಳಿಸುತ್ತಾನೆ. ‘ಕಾರ್ಬನ್ ಕಾಪಿ’ ಎಂದರು ಪೋಸ್ಟ್‌ಮ್ಯಾನ್.

ಸರ್ವರಿನ ಕಡೆಯೂ ಒಂದು ಪಟ್ಟಿ ಇರುತ್ತದೆ, ಯಾರಿಗೆ ಏನು ಕೊಡಬಹುದೆಂದು. ಅಲ್ಲಿ ‘ಅಸಿಂಕ್’ ಎಂದು ಬರೆದರೆ ಡಿಸ್ಕಿಗೆ ಇಳಿಸುವ ಮುನ್ನವೇ ಇಳಿಸಿದೆನೆಂದು ಸರ್ವರ್ ಹೇಳತೊಡಗುತ್ತದೆ. ಕಾಗದ ಓದುವ ಮೊದಲೇ ಸಹಿ ಹಾಕಿಕೊಟ್ಟಂತೆ. ವೇಗ ಸಿಗುತ್ತದೆ, ಆದರೆ ಆ ಕ್ಷಣ ಸರ್ವರಿನ ಕರೆಂಟು ಹೋದರೆ ಮುಗಿಯಿತು. ಲಿನಕ್ಸಿನಲ್ಲಿ ಹಿಂದೆ ಏನೂ ಬರೆಯದಿದ್ದರೆ ಅಸಿಂಕ್ ಎಂದೇ ಹಿಡಿಯುತ್ತಿತ್ತು. ಆಮೇಲೆ ಅದನ್ನು ‘ಸಿಂಕ್’ ಎಂದು ತಿದ್ದಿದರು. ಆ ಪಟ್ಟಿಯಲ್ಲಿ ಇನ್ನೊಂದು ಹಳ್ಳವಿದೆ. ವಿಳಾಸ ಬರೆದು, ತಕ್ಷಣ ಅಂಟಿಸಿ ಕಂಸದಲ್ಲಿ ‘ಓದಬಹುದು, ಬರೆಯಬಹುದು’ ಎಂಬ ಸಂಕೇತ ಹಾಕಬೇಕು. ನಡುವೆ ಒಂದೇ ಒಂದು ಜಾಗ ಬಿಟ್ಟರೂ ಅರ್ಥ ತಲೆಕೆಳಗು. ಆ ವಿಳಾಸದವರಿಗೆ ಓದುವ ಹಕ್ಕು ಮಾತ್ರ, ಬರೆಯುವ ಹಕ್ಕು ಜಗತ್ತಿನ ಉಳಿದವರಿಗೆಲ್ಲ! ಕಾಗುಣಿತ, ಚಿಹ್ನೆ ಎಂದು ಕನ್ನಡ ಪಂಡಿತರು ಬಡಕೊಳ್ಳುವುದು ಸುಮ್ಮನೆ ಅಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಸಿಗಲಾರದು.

ಆ ದಿನವೇ ಇನ್‌ಸ್ಟ್ರಕ್ಟರು ಮಕ್ಕಳ ಖಾನೆಗಳಿಗೆ ಹಾರ್ಡ್ ಎಂದು ತಿದ್ದಿದರು, ಟೈಮಿಯೋ 600. ಪಾಠಗಳ ಪುಟಗಳು, ಹಳೆಯ ಪ್ರಶ್ನೆಪತ್ರಿಕೆಗಳು ಇರುವ ಇನ್ನೊಂದು ಜಾಗವಿತ್ತು. ಅದನ್ನು ಓದಲು ಮಾತ್ರ ಬಿಟ್ಟು, ಅಲ್ಲಿ ಸಾಫ್ಟನ್ನೇ ಉಳಿಸಿದರು. ಅದು ಸರಿಯಾದದ್ದೇ. ಓದುವಾಗ ದೋಷ ಬಂದರೆ ಮತ್ತೆ ತೆರೆದರಾಯಿತು, ಕಳೆದುಕೊಳ್ಳುವುದೇನಿಲ್ಲ. ಸಾಫ್ಟ್ ಕೆಟ್ಟದ್ದಲ್ಲ, ಬರೆಯುವ ಜಾಗದಲ್ಲಿ ಅದನ್ನು ಇಟ್ಟದ್ದು ಕೆಟ್ಟದ್ದು. ಬೆಳಿಗ್ಗೆ ಸರ್ವರ್ ಹತ್ತುವ ಮೊದಲೇ ಯಾರಾದರೂ ಲ್ಯಾಬಿನ ಯಂತ್ರ ಹಚ್ಚಿದರೆ ಅದು ಅರ್ಧಕ್ಕೇ ನಿಲ್ಲದಿರಲಿ ಎಂದು ‘ನೋಫೇಲ್’ ಎಂಬುದನ್ನೂ, ನೆಟ್‌ವರ್ಕ್ ಎದ್ದ ಮೇಲೆ ಮೌಂಟ್ ಮಾಡು ಎಂಬ ಸೂಚನೆಯನ್ನೂ ಸೇರಿಸಿದರು. ಇಂಟರ್ ಎಂಬ ಸತ್ತ ಪದವನ್ನು ಅಳಿಸಿಹಾಕಿದರು. ಸ್ವಿಚ್ಚಿಗೆ ಯುಪಿಎಸ್ಸಿನಿಂದ ಒಂದು ತಂತಿ ಎಳೆಸಬೇಕೆಂದು ಪ್ರಾಂಶುಪಾಲರಿಗೆ ಅರ್ಜಿ ಬರೆದರು. ಹತ್ತು ಮೀಟರ್ ತಂತಿ, ಒಂದು ಪ್ಲಗ್ಗು. ನಿಜವಾದ ಕಾಯಿಲೆ ಅದೇ ಆಗಿತ್ತು. ಅರ್ಜಿ ಆಫೀಸಿಗೆ ಹೋಯಿತು, ಆಫೀಸಿನ ಅರ್ಜಿಗಳು ಹೋಗುವ ವೇಗದಲ್ಲಿ.

ಹುಡುಗಿಯ 600 ಸಾಲುಗಳು ಮಾತ್ರ ಯಾವ ಆಯ್ಕೆಯಿಂದಲೂ ವಾಪಸು ಬರುವಂತಿರಲಿಲ್ಲ. ಒಂದೇ ಆಸೆಯೆಂದರೆ, ಎಂಟು ದಿನದ ಹಿಂದೆ ತಪ್ಪು ಹುಡುಕಲೆಂದು ಅವಳು ಅದರ ಪ್ರಿಂಟ್ ತೆಗೆಸಿಕೊಂಡಿದ್ದಳು. ಹತ್ತು ಹಾಳೆ, ಅಂಚಿನಲ್ಲಿ ಪೆನ್ಸಿಲಿನ ತಿದ್ದುಪಡಿಗಳು. 450 ಸಾಲಿನವರೆಗೆ ಇತ್ತು. ಮುಂದಿನದನ್ನು ನೆನಪಿನಿಂದ ಬರೆಯಬೇಕು. ಲ್ಯಾಬನ್ನು ಎರಡು ದಿನ ಸಂಜೆ ಏಳರವರೆಗೆ ತೆರೆದಿಡುವುದಾಗಿ ಇನ್‌ಸ್ಟ್ರಕ್ಟರು ಹೇಳಿದರು. ತಡವಾದರೆ ಬಸ್ಸಿಲ್ಲ. ಹಾಗಾಗಿ ತಂದೆಯೂ ಬಂದು ಕೂತರು, ಸುಮ್ಮನೆ ಕೂರಲಾರದೆ ಹಾಳೆ ಹಿಡಿದು ಓದತೊಡಗಿದರು. ಮೂವತ್ತು ವರ್ಷ ವಿಳಾಸ ಓದಿದ ಗಂಟಲು. ‘ಇಂಟ್, ಜಾಗ, ಕೌಂಟ್, ಸಮ ಚಿಹ್ನೆ, ಸೊನ್ನೆ, ಸೆಮಿಕೋಲನ್’ ಎಂದು ಒಂದಕ್ಷರ ನುಂಗದೆ ಹೇಳುತ್ತಿದ್ದರೆ ಅವಳು ಕಾಗದ ನೋಡದೆ ಒತ್ತುತ್ತಿದ್ದಳು. ‘ಅಪ್ಪ, ಸ್ವಲ್ಪ ನಿಧಾನ’ ಎಂದು ನಡುನಡುವೆ.

ಎರಡನೆಯ ಸಂಜೆ ಆರೂಕಾಲಿಗೆ ಕರೆಂಟು ಹೋಯಿತು. ಅವಳು ಆಗಷ್ಟೇ ಸೇವ್ ಒತ್ತಿದ್ದಳು. ಎಡಿಟರ್ ನಿಂತಲ್ಲೇ ನಿಂತಿತು, ಕೀ ಒತ್ತಿದರೂ ಅಕ್ಷರ ಮೂಡಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು. ಚೌಕ ಬರಲಿಲ್ಲ. ಇನ್‌ಸ್ಟ್ರಕ್ಟರ ಮೇಜಿನ ಕಪ್ಪು ಪರದೆಯಲ್ಲಿ ಮಾತ್ರ ಸ್ವಲ್ಪ ಹೊತ್ತಿಗೆ ಒಂದು ಬಿಳಿ ಸಾಲು ಮೂಡಿತು.

‘ಏನಂತದು?’ ಎಂದು ತಂದೆ ಕೇಳಿದರು.

‘ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದೆ, ಅಂತ’ ಎಂದರು ಇನ್‌ಸ್ಟ್ರಕ್ಟರು. ‘ಯಾರೂ ಏನೂ ಮುಟ್ಟಬೇಡಿ. ಆರಿಸಬೇಡಿ.’

ಜವಾನ ಮನೆಗೆ ಹೋಗಿಯಾಗಿತ್ತು. ಇನ್‌ಸ್ಟ್ರಕ್ಟರೇ ಟಾರ್ಚ್ ಹಿಡಿದು ಮಳೆಯಲ್ಲಿ ಹಿತ್ತಲಿಗೆ ಹೋದರು. ಅಪ್ಪ ಮಗಳು ನಿಂತ ಪರದೆಯ ಬೆಳಕಿನಲ್ಲಿ ಕೂತರು. ಹೆಂಚಿನ ಮೇಲೆ ಮಳೆಯ ಸದ್ದು, ಯುಪಿಎಸ್ಸಿನ ಕುಯ್ ಕುಯ್. ಜನರೇಟರ್ ಎರಡು ಸಲ ಕೆಮ್ಮಿ ನಿಂತಿತು. ಮೂರನೆಯ ಸಲಕ್ಕೆ ಹತ್ತಿಕೊಂಡಿತು. ವರಾಂಡದಲ್ಲಿ ಹಸಿರು ದೀಪಗಳು ಬಂದವು. ಆದರೂ ಪರದೆ ಹಾಗೇ ಇತ್ತು. ಯಂತ್ರ ಮುಂದಿನ ಸಲ ಕೇಳುವ ಹೊತ್ತು ಇನ್ನೂ ಆಗಿರಲಿಲ್ಲ. ತಂದೆ ಕೈಯಲ್ಲಿನ ಹಾಳೆ ಮಡಿಸಲೂ ಇಲ್ಲ, ಕೆಳಗಿಡಲೂ ಇಲ್ಲ, ಓದುತ್ತಿದ್ದ ಸಾಲಿನ ಮೇಲೆ ಹೆಬ್ಬೆರಳು ಒತ್ತಿಹಿಡಿದಿದ್ದರು.

ಕಪ್ಪು ಪರದೆಯಲ್ಲಿ ಎರಡನೆಯ ಸಾಲು ಬಂತು. ಸರ್ವರಿನ ಹೆಸರು, ಮುಂದೆ ‘ಓಕೆ’ ಎಂಬ ಎರಡಕ್ಷರ. ಇತ್ತ ಎಡಿಟರ್ ಅಲುಗಾಡಿ, ಅವಳು ಆಗಲೇ ಗಾಬರಿಯಲ್ಲಿ ಒತ್ತಿದ್ದ ಕೀಗಳೆಲ್ಲ ಸಾಲಾಗಿ ಮೂಡಿದವು. ಅವಳು ಅವನ್ನು ಅಳಿಸಿ, ಇನ್ನೊಂದು ಕಿಟಕಿಯಲ್ಲಿ ಫೈಲಿನ ಗಾತ್ರ ನೋಡಿದಳು. ಸೊನ್ನೆಯಲ್ಲ.

‘ಎಷ್ಟು ಸಾಲು ಬಂದಿದೆ ನೋಡು ಪುಟ್ಟಿ’ ಎಂದರು ತಂದೆ.

‘413, ಅಪ್ಪ.’

‘ಹಾಗಾದ್ರೆ 414’ ಎಂದು ಹೆಬ್ಬೆರಳು ತೆಗೆದು, ಕನ್ನಡಕ ಸರಿಮಾಡಿಕೊಂಡು ಓದಲು ಶುರುಮಾಡಿದರು. ‘ಇಫ್, ಕಂಸ ಶುರು...’